ನೀರು ಕೆಟ್ಟಿದೆ ಅಂದ ಮೇಲೆ

ಒಲೆಯ ಮೇಲೆ ದೊಡ್ಡ ಪಾತ್ರೆಗಳು ಕುದಿಯುವ ಹೊತ್ತಿನಲ್ಲಿ ಆ ಅಡುಗೆಮನೆಗೆ ಕಾಲಿಡುವ ಧೈರ್ಯ ಮನೆಯ ಮಗನಿಗೂ ಇರಲಿಲ್ಲ. ಅತ್ತೆ ತೋಳು ಮೇಲೇರಿಸಿಕೊಂಡು ತರಕಾರಿ ಹೆಚ್ಚುತ್ತ, ಉಪ್ಪು ನೋಡುತ್ತ, ನಡುನಡುವೆ ಡಬ್ಬಿಗಳನ್ನು ಒರೆಸಿಡುತ್ತ ಒಬ್ಬರೇ ನಾಲ್ಕು ಜನರ ಕೆಲಸ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಹಿಡಿದ ದಾರಿ ಅದು. ಗ್ಯಾರೇಜಿನ ಮೆಕ್ಯಾನಿಕ್‌ಗಳಿಗೂ ಮೂಲೆಯ ಮುದ್ರಣಾಲಯದವರಿಗೂ ಮಧ್ಯಾಹ್ನದ ಊಟ ಇಲ್ಲಿಂದಲೇ ಹೋಗಬೇಕು. ಜೊತೆಗೆ ಕುಡಿಯಲು ಎರಡು ಕ್ಯಾನು ನೀರು, ಹಿತ್ತಲ ಬಾವಿಯದ್ದು. ‘ದೊಡ್ಡಮ್ಮನ ಊಟಕ್ಕಿಂತ ದೊಡ್ಡಮ್ಮನ ಬಾವಿ ನೀರೇ ರುಚಿ’ ಎಂದು ಗ್ಯಾರೇಜಿನ ಯಜಮಾನ ತಮಾಷೆ ಮಾಡುತ್ತಿದ್ದ. ಅದನ್ನು ಬೈಗುಳ ಎಂದುಕೊಳ್ಳಬೇಕೋ ಹೊಗಳಿಕೆ ಎಂದುಕೊಳ್ಳಬೇಕೋ ಅತ್ತೆಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಸೊಸೆ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ಅವರು ಕಿಟಕಿಯಿಂದಲೇ ಕಂಡರು.

“ಇವತ್ತು ರಜಾ ಅಲ್ವೇನೇ? ಎಲ್ಲಿಗೆ ಹೊರಟೆ?”

“ಬೀದಿ ಸುತ್ತೋಕೆ ಅತ್ತೆ. ನೀರಿನ ಸಂಘದ ಕೆಲಸ.”

“ಓಹೋ. ಊರಿಗೆ ಉಪಕಾರಿ…”

“ಮನೆಗೆ ಮಾರಿ. ಗೊತ್ತು ಬಿಡಿ.”

“ನಾನೆಲ್ಲಿ ಅಂದೆ? ಗಾದೆ ತಾನಾಗೇ ಬಾಯಿಗೆ ಬಂತು. ಏನಾದ್ರೂ ತಿಂದ್ಕೊಂಡು ಹೋಗು.”

ಸೊಸೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಈಚೆಗೆ ಹೊಟ್ಟೆನೋವು, ವಾಂತಿ, ಭೇದಿ ಎಂದು ಬರುತ್ತಿದ್ದವರ ವಿಳಾಸಗಳಲ್ಲಿ ತಮ್ಮದೇ ಬೀದಿಯ ಹೆಸರು ಮತ್ತೆ ಮತ್ತೆ ಕಾಣಿಸತೊಡಗಿದ್ದು ಅವಳ ನಿದ್ದೆ ಕೆಡಿಸಿತ್ತು. ಬೀದಿಯ ಕೊನೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರ್ ಕಟ್ಟಿದ ಪುಟ್ಟ ಸಂಘಕ್ಕೆ ಅವಳು ಸೇರಿದ್ದು ಹಾಗೆ. ತಿಂಗಳಿಗೊಮ್ಮೆ ನೀರು ಪರೀಕ್ಷಿಸುವುದು ಸಂಘದ ಉದ್ದೇಶ. ಪರೀಕ್ಷೆಯೇನೂ ಕಷ್ಟದ್ದಲ್ಲ. ಔಷಧಿ ಹಾಕಿದ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಎಲ್ಲೋ ಚರಂಡಿಯ ಸಂಬಂಧ ಬೆಳೆದಿದೆ ಎಂದರ್ಥ. ಎಲ್ಲಿ ಪರೀಕ್ಷಿಸಬೇಕು, ಜನರಿಗೆ ಬೇಕಾಗಿರುವುದೇನು ಎಂದು ಮೊದಲು ಮನೆಮನೆಗೆ ಹೋಗಿ ಕೇಳಿ ಬರೋಣ ಎಂದವಳು ಸೊಸೆಯೇ.

ಕೇಳಿದ್ದಾಯಿತು. ಆದರೆ ಉತ್ತರ ಎಲ್ಲ ಕಡೆಯೂ ಒಂದೇ.

“ನಮ್ಮ ನೀರಿಗೇನಾಗಿದೆ? ಹಾಲಿದ್ದಂಗಿದೆ,” ಎಂದ ಲಾಂಡ್ರಿಯವನು. “ನದಿ ಹತ್ರ ಹೋಗಿ ನೋಡಿ, ಅಲ್ಲಿರೋದು ಕೊಳಕು,” ಎಂದು ಎದುರು ಮನೆಯ ಅಜ್ಜ ದಾರಿ ತೋರಿಸಿದ. ಹಿಂದಿನ ವಾರವಷ್ಟೇ ಮಗನನ್ನು ಆಸ್ಪತ್ರೆಗೆ ಹೊತ್ತು ತಂದಿದ್ದ ತಾಯಿಯೊಬ್ಬಳು ಸೊಸೆಯ ಮುಖ ನೋಡಿಯೇ, “ಅದು ಐಸ್‌ಕ್ರೀಮ್ ತಿಂದು ಆಗಿದ್ದು,” ಎಂದು ಕದ ಮುಂದಕ್ಕೆ ಹಾಕಿಕೊಂಡಳು.

ಹಸಿರು ಗೇಟಿನ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದ ಹೊಲಿಗೆಯವಳು ಬಾಗಿಲನ್ನು ಅರ್ಧವೇ ತೆರೆದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹಿಂದೆ ಚಾಪೆಯ ಮೇಲೆ ಅವಳ ಮಗಳು ಮಲಗಿದ್ದಳು.

“ನೀರು ಚೆನ್ನಾಗಿದೆ ಅಕ್ಕಾ.”

“ವಾಸನೆ, ಬಣ್ಣ, ಏನಾದ್ರೂ…”

“ಏನಿಲ್ಲ ಅಕ್ಕಾ.” ಆಕೆ ಕದಕ್ಕೆ ಕೈಯಿಟ್ಟಳು. ಮುಚ್ಚುವ ಮುನ್ನ ಏನೋ ನೆನಪಾದವಳಂತೆ ಕೇಳಿದಳು: “ನಿಮ್ಮನೇದು ನೋಡಿದ್ರಾ? ಬಾವಿ ನೀರು?”

ಸೊಸೆ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು.

“ಸುಮ್ನೆ ಕೇಳ್ದೆ. ತಪ್ಪು ತಿಳ್ಕೋಬೇಡಿ,” ಎಂದು ಹೊಲಿಗೆಯವಳು ಕದ ಮುಚ್ಚಿದಳು.

ಆ ಪ್ರಶ್ನೆ ಸೊಸೆಯ ಜೊತೆಗೇ ಮನೆಗೆ ಬಂತು. ಬೀದಿಗೆಲ್ಲ ಬಾಟಲಿ ಹಿಡಿದು ಹೊರಟವಳಿಗೆ ಹಿತ್ತಲ ಬಾವಿಯ ನೆನಪೇ ಬಂದಿರಲಿಲ್ಲವೆಂದಲ್ಲ. ನೆನಪಾದಾಗಲೆಲ್ಲ ಅವಳೇ ಅದನ್ನು ಬದಿಗೆ ಸರಿಸಿದ್ದಳು. ಆ ಬಾವಿಯ ಆಚೆಗಿನ ಗೋಡೆಗೆ ತಾಗಿಕೊಂಡೇ ಹಳೆಯ ಚರಂಡಿ ಹರಿಯುತ್ತಿತ್ತು.

ಗಂಡನ ಹತ್ತಿರ ಮಾತೆತ್ತಿದಳು. ಅವನು ಬಸ್ಸಿನ ಡ್ರೈವರ್. ಎದುರಿಗೆ ಗಾಡಿ ನುಗ್ಗಿ ಬಂದರೆ ಯಾವ ಕಡೆಗೆ ತಿರುಗಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಅಮ್ಮನ ಬಾವಿ ವಿಷ್ಯಕ್ಕೆ ನನ್ನ ಎಳೀಬೇಡ ಮಾರಾಯ್ತಿ,” ಎಂದು ಪೇಪರಿನೊಳಗೆ ಮುಖ ಹುದುಗಿಸಿದ.

ಮಾರನೆಯ ಬೆಳಿಗ್ಗೆ ಅತ್ತೆ ತರಕಾರಿಯವನ ಜೊತೆ ಚೌಕಾಸಿ ಮಾಡುತ್ತಿದ್ದಾಗ ಸೊಸೆ ಹಿತ್ತಲಿಗೆ ಹೋದಳು. ಬಾವಿಯಿಂದ ನೀರು ಸೇದಿ ಬಾಟಲಿಗೆ ತುಂಬಿದಳು. ಮುಚ್ಚಳ ತಿರುಗಿಸಿ ಹಿಂದಕ್ಕೆ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಏನದು?”

ಸೊಸೆಯ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಹೋದ ಮೇಲೆ ನಾಚಿಕೆಯಾಯಿತು.

“ನೀರು ಅತ್ತೆ. ಸುಮ್ನೆ ಒಂದ್ಸಲ ನೋಡೋಣ ಅಂತ…”

“ನೋಡೋದಾದ್ರೆ ನನ್ನ ಕೇಳಿ ನೋಡಬೇಕಿತ್ತು. ನನ್ನ ಮನೇಲಿ ನನ್ನ ಕಣ್ಣು ತಪ್ಪಿಸಿ ಯಾಕೆ ತುಂಬಿಸ್ಕೋತೀಯ?” ಅತ್ತೆಯ ದನಿ ಏರಲಿಲ್ಲ. ಏರಿದ್ದರೆ ಸೊಸೆಗೆ ಸಮಾಧಾನವಾಗುತ್ತಿತ್ತು. “ಇದೇ ನೀರು ಕುಡಿದು ನಿನ್ನ ಗಂಡ ಬೆಳೆದ. ಇದೇ ನೀರಲ್ಲಿ ಬೇಯಿಸಿ ಅವನನ್ನ ಓದಿಸಿದೆ.”

ಸೊಸೆ ಬಾಟಲಿಯನ್ನು ಮುಂದೆ ಹಿಡಿದಳು. ಅತ್ತೆ ಅದನ್ನು ತೆಗೆದುಕೊಂಡು, ಚೆಲ್ಲಿ, ಖಾಲಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಅವತ್ತು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತರೂ ಸೊಸೆಗೆ ಅರ್ಧ ತೆರೆದ ಕದಗಳೇ ಕಾಣುತ್ತಿದ್ದವು. ಬೀದಿಯ ಜನ ಸುಳ್ಳು ಹೇಳುತ್ತಾರೆಂದು ಅವಳು ಮನಸ್ಸಿನಲ್ಲೇ ಸಿಡುಕಿಕೊಂಡಿದ್ದಳು. ಈಗ ತನ್ನದೇ ಮನೆಯಲ್ಲಿ ಕೇಳದೆ ಕದ್ದಿದ್ದಳು. ಹಾಗಿದ್ದ ಮೇಲೆ ಅವರೇಕೆ ತನ್ನನ್ನು ನಂಬಬೇಕು?

ಸಂಜೆ ಅತ್ತೆ ಕಾಳು ಆರಿಸುತ್ತ ಕೂತಿದ್ದರು. ಸೊಸೆ ಹೋಗಿ ಎದುರಿಗೆ ಕೂತು ತಾನೂ ಒಂದು ಹಿಡಿ ತಟ್ಟೆಗೆ ಸುರಿದುಕೊಂಡಳು.

“ತಪ್ಪಾಯ್ತು ಅತ್ತೆ.”

“ಹ್ಞೂಂ.”

“ನಿಮ್ಮನ್ನ ಒಂದು ಕೇಳ್ಲಾ? ಬೀದೀಲೆಲ್ಲಾ ಕೇಳ್ದೆ, ನಿಮ್ಮನ್ನೇ ಕೇಳ್ಲಿಲ್ಲ. ಪರೀಕ್ಷೆ ಅಂದ್ರೆ ನಿಮಗೆ ಯಾಕೆ ಬೇಡ ಅನ್ಸುತ್ತೆ?”

ಅತ್ತೆ ಒಂದು ಕಲ್ಲು ಹೆಕ್ಕಿ ಎಸೆದರು. ಇನ್ನೊಂದನ್ನು ಹೆಕ್ಕಿದರು. ಆಮೇಲೆ ಹೇಳಿದರು:

“ಬೇಕರಿ ಪಕ್ಕ ಒಬ್ಬಳು ಗಾಡಿ ಇಟ್ಕೊಂಡು ತಿಂಡಿ ಮಾರ್ತಿದ್ದಳು. ಯಾರೋ ಒಬ್ಬ, ಅವಳ ಹತ್ರ ತಿಂದೆ, ಹೊಟ್ಟೆ ಕೆಡ್ತು ಅಂದ. ಅಷ್ಟೇ. ನೀರು ಕೊಟ್ಟ ಪೈಪಿಗೆ ಯಾರೂ ಬೈಲಿಲ್ಲ ಕಣೆ, ಅವಳ ಕೈಗೆ ಬೈದರು. ಗಾಡಿ ಮಾರಿ ಎಲ್ಲಿಗೆ ಹೋದಳೋ. ನೀವು ಬರ್ತೀರಿ, ಬಾಟ್ಲಿ ತುಂಬಿಸ್ತೀರಿ, ಕೆಟ್ಟಿದೆ ಅಂತೀರಿ, ಹೋಗ್ತೀರಿ. ಕೆಟ್ಟಿದೆ ಅಂದ ಮೇಲೆ? ಮಾರನೆ ದಿನ ನಾನು ಯಾವ ನೀರಲ್ಲಿ ಒಲೆ ಹಚ್ಚಲಿ? ಅದನ್ನ ಹೇಳೋರು ಯಾರು?”

ಸೊಸೆಯ ಬಳಿ ಆ ಪ್ರಶ್ನೆ ಇರಲೇ ಇಲ್ಲ. ಬಣ್ಣ, ವಾಸನೆ, ಪೈಪು, ಟ್ಯಾಂಕು ಎಲ್ಲವನ್ನೂ ಕೇಳುವುದೆಂದು ಬರೆದುಕೊಂಡಿದ್ದಳು. ಕೆಟ್ಟಿದೆ ಅಂದ ಮೇಲೆ ಏನು ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಸಂಘದ ಸಭೆ ನಡೆದದ್ದು ಹೆಡ್‌ಮಾಸ್ಟರ್ ಮನೆಯ ಪಡಸಾಲೆಯಲ್ಲಿ. ಅವರು ನಕ್ಷೆಯನ್ನೂ ಕೆಂಪು ಬಣ್ಣದ ಡಬ್ಬವನ್ನೂ ಸಿದ್ಧಮಾಡಿಕೊಂಡಿದ್ದರು. ನೀರು ಕೆಟ್ಟಿರುವ ಮನೆಯ ಗೇಟಿಗೆ ಕೆಂಪು ಗುರುತು ಹಾಕುವುದು ಅವರ ಯೋಜನೆ.

“ಗುರುತು ಬೇಡ ಸರ್,” ಎಂದಳು ಸೊಸೆ. “ಫಲಿತಾಂಶ ಮೊದಲು ಆ ಮನೆಯವರ ಕೈಗೇ ಕೊಡೋಣ.”

“ಅವರು ಮುಚ್ಚಿಟ್ಟರೆ?” ಹೆಡ್‌ಮಾಸ್ಟರ್ ಕನ್ನಡಕ ತೆಗೆದರು. “ನನ್ನ ಶಾಲೇಲಿ ಒಂದ್ಸಲ ಟ್ಯಾಂಕು ಕೆಟ್ಟಿತ್ತಮ್ಮ. ಹೆಸರು ಹೋಗುತ್ತೆ ಅಂತ ಮೇಲಿನವರು ಸುಮ್ನಿರಿ ಅಂದ್ರು. ಮಕ್ಕಳು ಸಾಲಾಗಿ ಮಲಗಿದ್ದನ್ನ ನಾನು ನೋಡಿದೀನಿ. ಬೇರೆಯವರಿಗೆ ಅದೇ ನೀರು ಕುಡಿಸೋರು ಬಾಯಿ ಮುಚ್ಕೊಂಡ್ರೆ ಕುಡಿಯೋರ ಗತಿ ಏನು?”

ಅವರ ಮಾತಿನಲ್ಲಿ ನ್ಯಾಯವಿತ್ತು. ಸೊಸೆಯ ಕಣ್ಣ ಮುಂದೆ ಗ್ಯಾರೇಜಿಗೆ ಹೋಗುವ ಕ್ಯಾನುಗಳು ಬಂದವು. ಮುಂದಿನ ಮಾತು ಯಾರ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಗೊತ್ತಿದ್ದೂ ಅವಳು ನಿಧಾನವಾಗಿ ಹೇಳಿದಳು:

“ಬೇರೆಯವರಿಗೆ ನೀರು ಕೊಡೋ ಮನೆಯಾದ್ರೆ ಅವತ್ತೇ ಅವರಿಗೂ ಹೇಳ್ಬೇಕು. ಆದ್ರೆ ಮನೆಯವರೇ ಹೇಳ್ಲಿ, ಗೋಡೆ ಹೇಳೋದು ಬೇಡ. ಇನ್ನೊಂದು ಸರ್. ಕೆಟ್ಟಿದೆ ಅಂತ ಹೇಳೋಕೆ ಮುಂಚೆ ಒಳ್ಳೇ ನೀರು ಎಲ್ಲಿ ಸಿಗುತ್ತೆ ಅಂತ ನಮಗೆ ಗೊತ್ತಿರ್ಬೇಕು. ಇಲ್ದಿದ್ರೆ ನಾವು ಹೆದರಿಸೋಕೆ ಬಂದೋರಾಗ್ತೀವಿ ಅಷ್ಟೇ.”

ಹೆಡ್‌ಮಾಸ್ಟರ್ ನಕ್ಷೆ ಮಡಚಿಟ್ಟರು. ಬಣ್ಣದ ಡಬ್ಬವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದರು. “ಸರಿ. ಲಾಂಡ್ರಿಯವನದು ಆಳದ ಬೋರ್‌ವೆಲ್. ಅವನು ನನ್ನ ಹಳೇ ವಿದ್ಯಾರ್ಥಿ, ಇಲ್ಲ ಅನ್ನೋಕೆ ಬಾಯಿ ಬರಲ್ಲ. ನಾನೇ ಕೇಳ್ತೀನಿ.”

ಲಾಂಡ್ರಿಯ ನೀರು ಪರೀಕ್ಷೆಯಲ್ಲಿ ತಿಳಿಯಾಗಿಯೇ ಉಳಿಯಿತು. ಅವನು ಅಂಗಡಿಯ ಹೊರಗೋಡೆಗೆ ಒಂದು ನಲ್ಲಿ ಹಾಕಿಸಿದ. “ನಾನು ಅವತ್ತೇ ಹೇಳಿರ್ಲಿಲ್ವಾ, ಹಾಲಿದ್ದಂಗಿದೆ ಅಂತ?” ಎಂದು ಬಂದವರಿಗೆಲ್ಲ ಹೇಳಿದ.

ಸೊಸೆ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಕೆಟ್ಟಿದ್ದರೆ ಊಟ ಕೊಡುವ ಕಡೆ ತಿಳಿಸಬೇಕೆಂಬ ಮಾತನ್ನು ತಾನೇ ಆಡಿದ್ದೆಂದೂ ಮುಚ್ಚಿಡಲಿಲ್ಲ. ಅತ್ತೆ ಕೇಳಿಸಿಕೊಳ್ಳುತ್ತಲೇ ಡಬ್ಬಿಗಳನ್ನು ಒರೆಸಿಟ್ಟರು. ಕೆಲವು ದಿನ ಕಳೆದ ಮೇಲೆ, ಕೆಲಸಕ್ಕೆ ಹೊರಟಿದ್ದ ಸೊಸೆಯ ಮುಂದೆ ತುಂಬಿದ ಬಾಟಲಿ ಇಟ್ಟರು.

“ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ. ತಗೊಂಡು ಹೋಗು. ನಾನೇ ತುಂಬಿಸಿದ್ದು.”

ಬಾಟಲಿ ಕಪ್ಪಾಯಿತು, ಇದ್ದಿಲು ಕಲಸಿದ ಹಾಗೆ. ಸೊಸೆ ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟಾಗ ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

“ಗ್ಯಾರೇಜಿನ ಆ ಕುಳ್ಳ ಹುಡುಗ ಒಂದು ವಾರ ಮಲಗಿದ್ದ,” ಎಂದರು. “ಬಿಸಿಲಿಗೆ ಅಂದ್ಕೊಂಡಿದ್ದೆ.” ಬಾಟಲಿಯನ್ನು ಬೆರಳಿನಿಂದ ಆಚೆ ಸರಿಸಿ, “ನಾನು ಕೈಯಾರೆ ಕ್ಯಾನು ತುಂಬಿಸಿ ಕೊಟ್ಟೆ,” ಎಂದರು.

ಸೊಸೆ ಅವರ ಹೆಗಲ ಮೇಲೆ ಕೈಯಿಟ್ಟಳು. ಅತ್ತೆ ಆ ಕೈ ಸರಿಸಲಿಲ್ಲ.

ಗ್ಯಾರೇಜಿಗೆ ಅತ್ತೆ ಒಬ್ಬರೇ ಹೋದರು. ಸೊಸೆ ಜೊತೆಗೆ ಬರುತ್ತೇನೆಂದರೆ, “ನಿನ್ನ ಕರ್ಕೊಂಡು ಹೋದ್ರೆ ನೆಪ ಹೇಳೋಕೆ ಬಂದಂಗಾಗುತ್ತೆ,” ಎಂದರು. ಮೆಕ್ಯಾನಿಕ್‌ಗಳು ಕೈಯ ಗ್ರೀಸು ಒರೆಸಿಕೊಳ್ಳುತ್ತ ಸುತ್ತ ನಿಂತರು. ನೀರು ಕೆಟ್ಟಿದೆ, ತಮಗೆ ಗೊತ್ತಿರಲಿಲ್ಲ, ಇನ್ನು ಮೇಲೆ ಲಾಂಡ್ರಿಯ ನೀರು, ಬೇಡ ಎನ್ನುವವರು ಬಿಡಬಹುದು ಎಂದು ಅತ್ತೆ ನೇರವಾಗಿ ಹೇಳಿದರು. ಯಾರೂ ತಮಾಷೆ ಮಾಡಲಿಲ್ಲ. ಯಜಮಾನ ತಲೆ ಕೆರೆದುಕೊಂಡು, “ಬೇರೆ ಯಾರಾಗಿದ್ರೂ ಹೇಳ್ತಿರ್ಲಿಲ್ಲ ದೊಡ್ಡಮ್ಮ. ನಾಳೆ ಊಟ ಬರಲಿ,” ಎಂದ. ಮುದ್ರಣಾಲಯದಲ್ಲೂ ಹೇಳಿದರು; ಅವರು ಮಾತ್ರ ಊಟಕ್ಕೆ ಬೇರೆ ಕಡೆ ನೋಡಿಕೊಂಡರು. ಆಮೇಲೆ ಮನೆಗೆ ಬರುವ ಖಾಲಿ ಡಬ್ಬಿಗಳ ಸದ್ದು ಕಡಿಮೆಯಾಯಿತು. ಅತ್ತೆ ಅದರ ಬಗ್ಗೆ ದೂರಲಿಲ್ಲ. ಸಣ್ಣ ಪಾತ್ರೆಯನ್ನು ಒಲೆಗೇರಿಸಿದರು. ಬಾವಿಯನ್ನು ಹಲಗೆ ಹಾಕಿ ಮುಚ್ಚಿದರು, ಚರಂಡಿ ದುರಸ್ತಿಯಾಗುವ ತನಕ.

ಸುದ್ದಿಗೆ ಕಾಲು ಬಂತು. ದೊಡ್ಡಮ್ಮನೇ ಹೇಳಿಕೊಂಡಿದ್ದಾರೆ ಎಂದ ಮೇಲೆ ನಾವೇಕೆ ಮುಚ್ಚಿಡಬೇಕು ಎಂದು ಕೆಲವರು ತಾವಾಗಿಯೇ ಬಾಟಲಿ ಕೇಳಿ ಒಯ್ದರು. ಇನ್ನೂ ಕೆಲವು ಕದಗಳು ತೆರೆಯಲಿಲ್ಲ.

ಮುಂದಿನ ರಜಾದಿನ ಸೊಸೆ ಚಪ್ಪಲಿ ಮೆಟ್ಟುವಾಗ ಅತ್ತೆ ಒಲೆ ಆರಿಸಿ ಬಂದರು. “ಇರು, ನಾನೂ ಬರ್ತೀನಿ. ನೀನು ಕೇಳೋ ರೀತಿ ಸರಿಯಿಲ್ಲ, ಪೊಲೀಸರಂಗೆ ಕೇಳ್ತೀಯ.”

ಹೊಲಿಗೆಯವಳು ಈ ಸಲವೂ ಬಾಗಿಲನ್ನು ಅರ್ಧವೇ ತೆರೆದಳು. ಅತ್ತೆ ನೀರಿನ ಮಾತೆತ್ತಲಿಲ್ಲ.

“ಮಗು ಹೇಗಿದೆಯಮ್ಮ?”

ಅಷ್ಟು ಕೇಳಿದ್ದೇ ಸಾಕಾಯಿತು. ಹೊಲಿಗೆಯವಳ ಕಣ್ಣು ತುಂಬಿತು. ಮಗಳು ಮತ್ತೆ ಹೊಟ್ಟೆ ಕೆಟ್ಟು ಮಲಗಿದ್ದಾಳೆ ಎಂದಳು. ಚಾವಣಿಯ ಟ್ಯಾಂಕಿಗೆ ಮುಚ್ಚಳವೇ ಇಲ್ಲ, ಪಾರಿವಾಳಗಳು ಅಲ್ಲೇ ಇರುತ್ತವೆ ಎಂದಳು. ಹೇಳಿದರೆ ಮಹಡಿಯ ಮನೆ ಯಜಮಾನ, ಇಷ್ಟವಿಲ್ಲದಿದ್ದರೆ ಮನೆ ಖಾಲಿ ಮಾಡು ಅನ್ನುತ್ತಾನೆ ಎಂದಳು.

“ನನಗೆ ಬಾಟ್ಲಿ ಬೇಡ ದೊಡ್ಡಮ್ಮ. ನೀರು ಕೆಟ್ಟಿದೆ ಅಂತ ನನಗೆ ಗೊತ್ತು. ಅವರ ಹತ್ರ ಮಾತಾಡೋಕೆ ಜೊತೆಗೆ ಯಾರಾದ್ರೂ ಬೇಕು.”

ಸೊಸೆ ಕೈಯಲ್ಲಿದ್ದ ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಅತ್ತೆ ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಮಂಡಿ ನೋವಿಗೆ ಕಂಬಿ ಹಿಡಿದು ಮೆಲ್ಲಗೆ ಹತ್ತಿದರು. ಹಿಂದೆ ಹೊಲಿಗೆಯವಳು, ಅವಳ ಹಿಂದೆ ಸೊಸೆ. ಮೇಲಿನ ಬಾಗಿಲ ಮುಂದೆ ಅತ್ತೆ ಒಂದು ಗಳಿಗೆ ಉಸಿರು ತೆಗೆದುಕೊಂಡು ಕದ ತಟ್ಟಿದರು.

“ಯಾರು?” ಒಳಗಿನಿಂದ ಗಡಸು ದನಿ ಕೇಳಿತು.

ಸೊಸೆ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಹೇಳಿದರು:

“ನೀರಿನ ಸಂಘದವರು.”