ಬೈಗುಳವಿಲ್ಲದ ಆಟ

ಕಾಗೆ ಕೂತಿದೆ, ಮುಂದಿನ ಸಾಲಿನ ನೀಲಿ ಕುರ್ಚಿಯ ಮೇಲೆ, ಯಾರೂ ಕೂರಬಾರದೆಂದು ಕೆಂಪು ಟೇಪು ಸುತ್ತಿಟ್ಟಿರುವ ಕುರ್ಚಿಯನ್ನೇ ಹುಡುಕಿಕೊಂಡು ಹೋಗಿ ಕೂತಿದೆ, ಅದರ ಹತ್ತಿರ ಎರಡು ಡೋಸಿನ ಸರ್ಟಿಫಿಕೇಟು ಕೇಳುವವರು ಯಾರು, ಹಣೆಗೆ ಆ ಪಿಸ್ತೂಲಿನಂಥದ್ದು ಹಿಡಿದು ಜ್ವರ ನೋಡುವವರು ಯಾರು ಎಂದುಕೊಂಡು ಪುಷ್ಪಮ್ಮನಿಗೆ ಮಾಸ್ಕಿನೊಳಗೇ ನಗು ಬಂತು, ನಕ್ಕದ್ದು ಯಾರಿಗೂ ಕಾಣಲಿಲ್ಲ, ಕಾಣಬೇಕಾದರೆ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ — ಎಡಕ್ಕೆ ಖಾಲಿ, ಬಲಕ್ಕೆ ಇಡೀ ಸಾಲೇ ಖಾಲಿ, ಆಚೆ ಬದಿಯ ಮೆಟ್ಟಿಲ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಅರ್ಧ ಸೀಟಿಗೆ ಮಾತ್ರ ಟಿಕೆಟು ಮಾರಬೇಕೆಂದು ಸರ್ಕಾರದ ರೂಲ್ಸಂತೆ, ಆ ಅರ್ಧದಲ್ಲಿ ಕಾಲು ಭಾಗದಷ್ಟೂ ಜನ ಬಂದಿಲ್ಲ. ಶಿವಮೊಗ್ಗದ ಈ ಸ್ಟೇಡಿಯಮ್ಮಿನಲ್ಲಿ ತನ್ನ ಮೊಣಕೈಗೆ ಇನ್ನೊಬ್ಬರ ಮೊಣಕೈ ತಾಗದೆ ಅವಳು ಕೂತದ್ದು ಇದೇ ಮೊದಲು, ಕಾಲು ಚಾಚಿದಳು, ಚಾಚಬಹುದು, ಯಾರೂ ಏನೂ ಅನ್ನುವುದಿಲ್ಲ, ಮತ್ತೆ ಅಲ್ಲಿ ಕೆಳಗೆ, ಈ ತುದಿಯ ಗೋಲಿನ ಮುಂದೆ, ಹಳದಿ ಅಂಗಿ ಹಾಕಿಕೊಂಡು ಕೈಗವಸು ತಟ್ಟಿಕೊಳ್ಳುತ್ತ ನಿಂತಿರುವವನು ಅವಳ ಮಗ ಅಭಯ, ತುಂಗಾ ಕ್ಲಬ್ಬಿನ ಗೋಲ್‌ಕೀಪರು, ಸಂಬಳಕ್ಕೆ ಆಡುವವನು, ಇಲ್ಲಿಂದ ನೋಡಿದರೆ ಇನ್ನೂ ಸ್ಕೂಲಿಗೆ ಹೋಗುವವನ ಹಾಗೇ ಕಾಣುತ್ತಾನೆ, ಹತ್ತಿರ ಬಂದರೆ ಗಡ್ಡದಲ್ಲಿ ಬಿಳಿ ಕೂದಲು.

ಇವರೂ ಬರಬೇಕಿತ್ತು, ಬಂದೂ ಇದ್ದರು, ಭದ್ರಾವತಿಯ ಜನ್ನಾಪುರದಲ್ಲಿ ಇಬ್ಬರೂ ಒಟ್ಟಿಗೇ ಬಸ್ಸು ಹತ್ತಿದ್ದು, ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಗಂಡ ಈಶ್ವರಪ್ಪನದು ಒಂದೇ ರಾಗ, ಇವತ್ತು ನೋಡು ಜನ ಬರ್ತಾರೆ, ಎರಡು ವರ್ಷದಿಂದ ಆಟ ಇಲ್ದೆ ಬಾಯಿ ಕಟ್ಕೊಂಡು ಕೂತಿದ್ರು, ಬಂದೇ ಬರ್ತಾರೆ — ಆದರೆ ಗೇಟಿನಲ್ಲಿ ಫೋನು ತೋರಿಸಿದರೆ ಇವರದು ಒಂದೇ ಡೋಸು, ಮೊದಲನೆಯದಕ್ಕೆ ಜ್ವರ ಬಂದು ಮಲಗಿದವರು ಎರಡನೆಯದಕ್ಕೆ ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದರು, ಸೂಜಿ ಕಂಡರೆ ಹೆದರಿಕೆ, ಕಾಗದದ ಕಾರ್ಖಾನೆಯ ದೊಡ್ಡ ದೊಡ್ಡ ಮಿಷಿನ್ನಿಗೆ ಹೆದರದವರು ಒಂದು ಸೂಜಿಗೆ. ಗೇಟಿನಲ್ಲಿ ನಿಂತಿದ್ದ ಹೆಂಗಸು ಮರ್ಯಾದೆಯಿಂದಲೇ ಬಿಡುವ ಹಾಗಿಲ್ಲ ಎಂದಳು, ಒಳಗ್ ಆಡ್ತಿರೋನು ನನ್ ಮಗ ಕಣಮ್ಮ ಎಂದು ಇವರು, ಯಾರ ಮಗ ಆದ್ರೂ ರೂಲ್ಸು ಒಂದೇ ಅಲ್ವ ಯಜಮಾನ್ರೇ ಎಂದು ಅವಳು, ಹಿಂದೆ ಸಾಲಿನಲ್ಲಿ ಯಾರೂ ಇಲ್ಲದ್ದರಿಂದ ಇಬ್ಬರಿಗೂ ವಾದಕ್ಕೆ ಬೇಕಾದಷ್ಟು ಪುರಸೊತ್ತು, ಕೊನೆಗೆ ಇವರು ಕಾಂಪೌಂಡಿನ ಆಚೆ ಟೀ ಗಾಡಿಯ ಹತ್ತಿರ ನಿಂತು, ನೀನ್ ಹೋಗು ಪುಷ್ಪಾ, ನೋಡ್ಕೊಂಡ್ ಬಂದು ಹೇಳು, ಎಂದರು, ಮುಖ ನೋಡಿದರೆ ಅಯ್ಯೋ ಎನ್ನಿಸುವ ಹಾಗಿತ್ತು, ಅಯ್ಯೋ ಎನ್ನಿಸಿತು ಕೂಡ, ಆದರೆ ಒಳಗೆ ಮೆಟ್ಟಿಲು ಹತ್ತುವಾಗ ಕಾಲು ಎಷ್ಟು ಹಗುರ, ನಾಚಿಕೆಯಾಗುವಷ್ಟು ಹಗುರ, ಮದುವೆಯಾದ ಮೇಲೆ ಇವರಿಲ್ಲದೆ ಒಂದು ಆಟ ನೋಡುತ್ತಿರುವುದು ಇದೇ ಮೊದಲು, ಪಕ್ಕದಲ್ಲಿ ಆ ಗಂಟಲಿಲ್ಲದೆ.

ಗಂಟಲು ಎಂದರೆ ಎಂಥ ಗಂಟಲು, ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದಾಗ ಮಿಲ್ಲಿನ ಟೀಮಿಗೆ ಬ್ಯಾಕ್ ಆಡುತ್ತಿದ್ದವರು, ಆಗಿನಿಂದ ಬಂದ ಗಂಟಲು, ಭದ್ರಾವತಿಯ ಜನ ಫುಟ್‌ಬಾಲ್ ನೋಡುವುದು ಕಣ್ಣಿನಿಂದಲ್ಲ, ಗಂಟಲಿನಿಂದ, ಲಾರಿ ಮಾಡಿಕೊಂಡು ಬರುತ್ತಿದ್ದರು, ತಮಟೆ, ಪೀಪಿ, ಕನ್ನಡದಲ್ಲಿ ಬೈದು ಸಾಲದಿದ್ದರೆ ತಮಿಳು, ಅದೂ ಸಾಲದಿದ್ದರೆ ತೆಲುಗು, ಅವರ ನಡುವೆ ಇವಳು ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಹೆಂಗಸರು ಅಂತ ಇಡೀ ಸಾಲಿಗೆ ಇವಳೊಬ್ಬಳೇ — ಕ್ಲಬ್ಬು ಗೆದ್ದ ದಿನ ಗೋಲು ಹೊಡೆದವನ ಹೆಸರು, ಸೋತ ದಿನ ಅಭಯನ ಹೆಸರು, ಗೋಲ್‌ಕೀಪರನ ಹಣೆಬರಹವೇ ಅದು, ಹಿಡಿದದ್ದು ಯಾರಿಗೂ ನೆನಪಿರುವುದಿಲ್ಲ, ಬಿಟ್ಟದ್ದು ಊರಿಗೆಲ್ಲ ನೆನಪು. ಆ ವರ್ಷ, ಈ ಕಾಯಿಲೆ ಬರುವ ಮುಂಚಿನ ಕೊನೆಯ ಆಟ, ಕುರ್ಚಿ ಸಾಲದೆ ಜನ ಮರ ಹತ್ತಿದ್ದರು, ಗೋಡೆ ಹತ್ತಿದ್ದರು, ಚೆಂಡೇನು ಅಷ್ಟು ಜೋರಾಗಿ ಬರಲಿಲ್ಲ, ಎದೆಗೇ ಬಂತು, ಅಭಯ ಹಿಡಿದ, ಹಿಡಿದದ್ದು ಕಂಡಿತು, ಆಮೇಲೆ ಕೈಯಿಂದ ಜಾರಿ ಹಿಂದೆ ಹೋಯಿತು, ಮೆಲ್ಲಗೆ ಹೋಯಿತು, ಗೆರೆ ದಾಟಿತು — ಮುಂದಿನ ಸಾಲಿನವನು ಎದ್ದು ನಿಂತು ಇವನನ್ನ ಹೆತ್ತವಳು ಯಾವಳೋ ಎಂದ, ಹೆತ್ತವಳು ಅವನ ಬೆನ್ನ ಹಿಂದೆ ಚಿತ್ರಾನ್ನದ ಡಬ್ಬಿ ಗಟ್ಟಿಯಾಗಿ ಹಿಡಿದು ಕೂತಿದ್ದಳು, ಅದಾದ ಮೇಲೆ ಅವನು ಅಂದದ್ದನ್ನು ಪುಷ್ಪಮ್ಮ ಇವತ್ತಿಗೂ ಮನಸ್ಸಿನೊಳಗೆ ಕೂಡ ಪೂರ್ತಿ ಅಂದುಕೊಂಡಿಲ್ಲ, ಮತ್ತೆ ಅವನಿಗಿಂತ ಮೇಲೆ, ಎಲ್ಲರಿಗಿಂತ ಮೇಲೆ, ಪಕ್ಕದಿಂದಲೇ ಕೇಳಿದ್ದು ಇವರ ಗಂಟಲು, ಕೈಗೆ ಬೆಣ್ಣೆ ಹಚ್ಕೊಂಡ್ ಬಂದಿದೀಯೇನೋ, ಹೊರಟ್ಹೋಗೋ ದಂಡಪಿಂಡ, ಸ್ವಂತ ಅಪ್ಪ, ಕುತ್ತಿಗೆಯ ನರ ಉಬ್ಬಿಸಿಕೊಂಡು. ಅಷ್ಟೆಲ್ಲದರ ಕೆಳಗೆ ಅಲ್ಲಿ ಅಭಯ ಬಾಗುತ್ತಿದ್ದ, ಬಲೆಯೊಳಗಿನ ಚೆಂಡು ತೆಗೆಯುವುದಕ್ಕೆ, ಬಾಗಿದವನು ತುಂಬ ಹೊತ್ತು ಏಳಲೇ ಇಲ್ಲ, ಅಥವಾ ಇವಳಿಗೆ ಹಾಗೆ ಅನ್ನಿಸಿತು, ಆ ಬೆನ್ನು, ಬೆನ್ನ ಮೇಲೆ ನಂಬರು, ಯಾರೋ ಎಸೆದ ನೀರಿನ ಬಾಟಲಿ ಬಲೆಗೆ ಬಡಿದು ಬಿತ್ತು.

ನೀನ್ ಇನ್ಮೇಲೆ ಬರ್ಬೇಡಮ್ಮ ಎಂದಿದ್ದ ಮನೆಗೆ ಬಂದವನು, ಮಾತು ಅಷ್ಟೇ, ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದ, ಅವಳು ಆಯ್ತು ಎನ್ನಲಿಲ್ಲ, ಅಷ್ಟು ಜನರ ನಾಲಿಗೆಗೆ ಅವನೊಬ್ಬನನ್ನೇ ಬಿಟ್ಟು ಮನೆಯಲ್ಲಿ ಬ್ಲೌಸ್ ಹೊಲಿಯುತ್ತ ಕೂರುವುದು ಹೇಗೆ, ಕೇಳುವುದಾದರೆ ಇಬ್ಬರೂ ಕೇಳೋಣ — ಗಂಡನ ಹತ್ತಿರ ಮಾತ್ರ ಆ ವಿಷಯ ಎತ್ತಲಿಲ್ಲ, ಎತ್ತಿದ್ದರೆ ಜಗಳವಾದರೂ ಆಗುತ್ತಿತ್ತು, ಎತ್ತದೆ ಇದ್ದುದರಿಂದ ಅದು ಅಲ್ಲೇ ಉಳಿಯಿತು, ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ, ನುಂಗಿದರೂ ಇಳಿಯದು. ಆಮೇಲೆ ಕಾಯಿಲೆ ಬಂತು, ಎಲ್ಲ ನಿಂತಿತು, ಮೈದಾನಕ್ಕೆ ಬೀಗ, ಕ್ಲಬ್ಬಿನವರು ಅರ್ಧ ಸಂಬಳ ಕೊಟ್ಟರು, ಈಗ ಬೀಗ ತೆಗೆದಿದ್ದಾರೆ, ಆದರೆ ಟಿಕೆಟು ಫೋನಿನಲ್ಲೇ ತೆಗೆದುಕೊಳ್ಳಬೇಕು, ಸರ್ಟಿಫಿಕೇಟು ಬೇಕು, ತಮಟೆ ತರುವ ಹಾಗಿಲ್ಲ, ಕಡಲೆಕಾಯಿ ತರುವ ಹಾಗಿಲ್ಲ, ಒಂದು ಕುರ್ಚಿ ಬಿಟ್ಟು ಒಂದು, ಮಾಸ್ಕು ತೆಗೆದು ಕೂಗಿದರೆ ಪೊಲೀಸು, ಹೀಗಾದರೆ ಲಾರಿಯ ಜನ ಯಾಕೆ ಬಂದಾರು, ಒಬ್ಬೊಬ್ಬರೇ ಕೂತು ನೋಡೋಕೆ ಅದೇನು ಪರೀಕ್ಷೆನಾ ಎಂದರಂತೆ ಮಿಲ್ಲಿನ ಹಳೇ ಸ್ನೇಹಿತರು, ಇವರು ಕಾಗದನಗರದಲ್ಲಿ ಮನೆ ಮನೆಗೆ ಹೋಗಿ ಕರೆದು ಬಂದಿದ್ದರು. ಬೀಗ ತೆಗೆದ ಮೇಲಿನ ಆಟಗಳಿಗೆ ತಾವಿಬ್ಬರೂ ಹೋಗಿರಲಿಲ್ಲ, ಕೇಳಿದ್ದಷ್ಟೇ, ಒಂದಕ್ಕಿಂತ ಒಂದಕ್ಕೆ ಜನ ಕಮ್ಮಿಯಂತೆ, ಹೀಗೇ ಆದ್ರೆ ಕ್ಲಬ್ಬು ಉಳಿಯಲ್ಲ ಎಂದು ಇವರು ಊಟ ಬಿಟ್ಟು ಕೂತಾಗ ಪುಷ್ಪಮ್ಮನಿಗೂ ಗೊತ್ತಿತ್ತು, ಜನ ಎಂದರೆ ಅನ್ನ, ಮಗನ ಅನ್ನ, ಗೊತ್ತಿದ್ದೂ ದೇವರ ಮುಂದೆ ನಿಂತಾಗ ಜನ ಬರಲಿ ಎಂದು ಬೇಡಲು ಬಾಯಿ ಬರಲಿಲ್ಲ, ಬಾರದಿರಲಿ ಎಂದು ಬೇಡಲೂ ಧೈರ್ಯವಾಗಲಿಲ್ಲ, ಸುಮ್ಮನೆ ದೀಪ ಹಚ್ಚಿ ಬಂದಳು.

ಎಡಕ್ಕೆ, ಎಡಕ್ಕೆ ನೋಡೋ, ಬಿಡು, ಬಿಡು, ನಂದು — ಯಾರ ದನಿ ಇದು, ಗಟ್ಟಿ ದನಿ, ಮೇಷ್ಟರ ದನಿ, ಆಟ ಶುರುವಾಗಿ ಎಷ್ಟು ಹೊತ್ತಾಯಿತೋ, ಅಭಯನದೇ ಅದು, ಇಷ್ಟು ವರ್ಷ ಅವನು ಬಾಯಿ ಆಡಿಸುವುದು ಕಂಡಿತ್ತು, ಏನನ್ನುತ್ತಾನೋ ಕೇಳಿಸಿರಲಿಲ್ಲ, ಮನೆಯಲ್ಲಿ ಉಪ್ಪು ಬೇಕಾದರೂ ಕೇಳದವನು ಇಲ್ಲಿ ಹತ್ತು ಜನರನ್ನು ದನಿಯಲ್ಲೇ ಅತ್ತ ಇತ್ತ ನಡೆಸುತ್ತಾನೆ, ಅವರೂ ಕೇಳುತ್ತಾರೆ, ಚೆಂಡಿಗೆ ಕಾಲು ತಾಗಿದ ಸದ್ದು ಆಚೆ ಗೋಡೆಗೆ ಹೋಗಿ ಬಡಿದು ವಾಪಸು ಬರುತ್ತದೆ, ಬಿದ್ದವನ ಉಸಿರು, ಎದುರಾಳಿಯವನೊಬ್ಬ ಏನೋ ಅಂದದ್ದಕ್ಕೆ ಅಭಯ ನಕ್ಕದ್ದು ಸಹ ಇಲ್ಲಿಗೆ ಕೇಳುತ್ತದೆ, ಆಟದ ನಡುವೆ ನಗುತ್ತಾನೆ ಇವನು, ನಗಬಹುದೇನು — ಅವನು ನಗುತ್ತಿರುವಾಗಲೇ ಮನಸ್ಸು ಹಗುರಾಗಿ ಹೋಗಿ, ಕಣ್ಣು ಬಿಸಿಲಿಗೆ ಸ್ವಲ್ಪ ಮುಚ್ಚಿಕೊಂಡಂತಾಗಿ, ತೆರೆದಾಗ ಮೂಲೆಯಿಂದ ಚೆಂಡು ಎತ್ತರಕ್ಕೆ ಬರುತ್ತಿದೆ, ನಂದು ಎಂದು ಕೂಗಿ ಅಭಯ ಹಾರಿದ, ಬೆರಳಿಗೆ ತಾಗಿತು, ತಾಗಿದ್ದು ಜಾರಿತು, ಹಿಂದೆ ಬಿತ್ತು, ಬಲೆ ಒಮ್ಮೆ ಅಲುಗಿತು.

ಪುಷ್ಪಮ್ಮನ ಭುಜ ತಾನಾಗಿ ಮೇಲೆದ್ದು ಕಿವಿಯ ಹತ್ತಿರ ಬಂತು, ಮೈಯೆಲ್ಲ ಚಿಕ್ಕದಾಯಿತು, ಸೆರಗು ಮುಷ್ಟಿಯೊಳಗೆ, ಈಗ ಬರುತ್ತದೆ, ಈಗ, ಮುಂದಿನ ಸಾಲಿನಿಂದ, ಹಿಂದಿನ ಸಾಲಿನಿಂದ — ಬರಲಿಲ್ಲ. ಏನೂ ಬರಲಿಲ್ಲ. ಆಚೆ ಮೆಟ್ಟಿಲಲ್ಲಿ ಯಾರೋ ಕೆಮ್ಮಿದರು. ಅಭಯ ಎದ್ದ, ಮೊಣಕಾಲಿನ ಹುಲ್ಲು ಕೊಡವಿದ, ಗೋಲಿನೊಳಗೆ ನಡೆದು ಹೋದ, ಬಾಗಿದ, ಬಲೆಯಿಂದ ಚೆಂಡು ತೆಗೆದ, ಕೈತಪ್ಪಿ ಬಿದ್ದ ಸೌತೆಕಾಯಿ ಎತ್ತಿಕೊಂಡವನ ಹಾಗೆ, ಎತ್ತಿ ಒಮ್ಮೆ ನೋಡಿ ಮಧ್ಯಕ್ಕೆ ಒದ್ದ, ಅಷ್ಟೆ, ಅಷ್ಟೇನಾ, ಒಂದು ಗೋಲಾದರೆ ಲೋಕದಲ್ಲಿ ಆಗುವುದು ಇಷ್ಟೇನಾ ಎಂದು ಭುಜ ಇಳಿಯುತ್ತ ಇಳಿಯುತ್ತ ಅವಳಿಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು, ಅಭೀ, ಪರ್ವಾಗಿಲ್ಲ ಕಣೋ, ಎಂದಳು, ಕೂಗಿದ್ದೇನೂ ಅಲ್ಲ, ಹಿತ್ತಲಿಂದ ಅಡುಗೆಮನೆಗೆ ಹೇಳುವಷ್ಟು ದನಿ, ಅದಷ್ಟೇ ಸಾಕಾಯಿತು, ಅವನು ತಿರುಗಿದ, ಹುಡುಕಬೇಕಾಗಿರಲಿಲ್ಲ, ಖಾಲಿ ಕುರ್ಚಿಗಳಲ್ಲಿ ನಿಂತವಳು ಅವಳೊಬ್ಬಳೇ, ಕೈಗವಸಿನ ಕೈ ಎತ್ತಿದ.

ಮತ್ತೆ ಕೂತಳು, ಚೀಲದಲ್ಲಿ ಫೋನು ನಡುಗುತ್ತಿದೆ, ಇವರದು, ಕಾಂಪೌಂಡಿನ ಆಚೆಯಿಂದ, ಮೊದಲಾದರೆ ಗೋಲಾದದ್ದು ಯಾರದು ಎನ್ನುವುದು ತುಂಗೆಯ ಸೇತುವೆಯವರೆಗೂ ಗೊತ್ತಾಗುತ್ತಿತ್ತು, ಈಗ ಗೋಡೆ ಪಕ್ಕದಲ್ಲಿ ನಿಂತವರಿಗೂ ಏನೂ ಕೇಳುವುದಿಲ್ಲ, ಏನಾಯ್ತೇ, ಗೋಲಾಯ್ತಾ ಎಂದು ಕೇಳಿದರು, ಆಯ್ತು ಎಂದಳು, ಯಾರ್ದು, ಅವರ್ದು, ಆ ಕಡೆ ಇವರು ಉಸಿರು ತುಂಬಿಕೊಳ್ಳುತ್ತಿರುವ ಸದ್ದು ಅವಳಿಗೆ ಗೊತ್ತು, ಅದರ ಹಿಂದೆ ಬರುವುದೂ ಗೊತ್ತು, ಬರುವ ಮೊದಲೇ ಅವಳ ಬಾಯಿಂದ ಬಂತು, ಬೈಬೇಡಿ ರೀ, ಇವತ್ತು ಬೈಬೇಡಿ, ಇಲ್ಲಿ ಯಾರೂ ಬೈತಿಲ್ಲ — ಎರಡು ವರ್ಷದ ಮುಳ್ಳು ಅದಾಗಿಯೇ ಇಳಿದಿತ್ತು, ಜಗಳದ ದನಿಯೂ ಅಲ್ಲ, ಆ ಕಡೆ ಟೀ ಗಾಡಿಯಲ್ಲಿ ಲೋಟ ತಾಗಿದ ಸದ್ದು, ಇವರು ಫೋನು ಇಟ್ಟೇಬಿಟ್ಟರೇನೋ ಎಂದುಕೊಂಡಳು, ಇಟ್ಟಿರಲಿಲ್ಲ, ಯಾರೂ ಬೈತಿಲ್ವಾ ಎಂದು ಕೇಳಿದರು, ಇಲ್ಲ, ಒಬ್ರೂ ಇಲ್ವಾ, ಇಲ್ಲ ರೀ. ಹಂಗಾದ್ರೆ ನಾನ್ಯಾಕೆ ಬೈಲಿ ಪುಷ್ಪಾ, ಎಂದರು, ಗಂಟಲು ಸಣ್ಣಗಾಗಿತ್ತು, ಅವರೆಲ್ಲ ಅನ್ನೋದು ನಿನ್ ಕಿವಿಗೆ ಬೀಳ್ಬಾರ್ದು ಅಂತ ನಾನು ಕೂಗ್ತಿದ್ದೆ, ನಂದು ಕೇಳಿದ್ರೂ ಪರ್ವಾಗಿಲ್ಲ, ಅಪ್ಪ ಬೈದ ಅಂತಾಗುತ್ತೆ, ಅವರದು ಕೇಳ್ಬಾರ್ದು. ಪುಷ್ಪಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಳು, ಎಂಥ ಪೆದ್ದ ಮನುಷ್ಯ, ಕೊಡೆಯಿಲ್ಲದೆ ಮಳೆ ತಡೆಯುವುದಕ್ಕೆ ತಲೆಯ ಮೇಲೆ ಕೊಡದಿಂದ ನೀರು ಸುರಿದ ಹಾಗೆ, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇದನ್ನು ಹೇಳದೆ ಇಟ್ಟುಕೊಂಡನಲ್ಲ, ನಾನಾದರೂ ಕೇಳಿದೆನೇ, ಟೀ ಕುಡಿದ್ರಾ ಎಂದು ಕೇಳಿದಳು, ಬೇರೇನು ಕೇಳುವುದು, ಕುಡಿದೆ ಎಂದರು, ನಾಳೆ ಆ ಇನ್ನೊಂದು ಸೂಜಿ ಚುಚ್ಚಿಸ್ಕೊಂಡ್ ಬರ್ತೀನಿ ಎಂದರು.

ಆ ಒಂದೇ ಗೋಲಿಗೆ ಆಟ ಮುಗಿಯಿತು, ಸೋತರು, ಇದ್ದವರು ಚಪ್ಪಾಳೆ ತಟ್ಟಿ ದೂರ ದೂರ ನಡೆದುಕೊಂಡು ಹೋದರು, ಅಭಯ ಕಂಬಿಯ ಹತ್ತಿರ ಬಂದು ಆ ಕಡೆಯೇ ನಿಂತ, ಆಟಗಾರರನ್ನು ಮುಟ್ಟುವ ಹಾಗಿಲ್ಲವಂತೆ, ತಾಯಿಯಾದರೂ, ಬೆವರು ಒರೆಸಿಕೊಂಡು ಅಪ್ಪ ಎಲ್ಲಿ ಎಂದ, ಹೇಳಿದಾಗ ನಕ್ಕ, ಆಮೇಲೆ ಕೈಗವಸಿನ ಪಟ್ಟಿ ಬಿಚ್ಚುತ್ತ, ಅಮ್ಮ ಒಂದ್ ವಿಷ್ಯ, ಬೇಜಾರ್ ಮಾಡ್ಕೋಬೇಡ, ಎಂದ, ಕ್ಲಬ್ಬಿನ ಸೆಕ್ರೆಟರಿ ಚಂದ್ರಶೇಖರಪ್ಪ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಂತೆ, ಜನ ಇಲ್ಲದೆ ನಡೆಸುವುದು ಆಗುವುದಿಲ್ಲ, ಈ ಸೀಸನ್ನಿಗೆ ಕ್ಲಬ್ಬಿನ ಕಥೆ ಮುಗಿಯಿತು, ಅಭಯ ಇದು ಬರುತ್ತದೆಂದು ಮೊದಲೇ ತಿಳಿದು ಭದ್ರಾವತಿಯ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಮಾತಾಡಿ ಬಂದಿದ್ದಾನಂತೆ, ಜೂನಿನಿಂದ, ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರ — ಪುಷ್ಪಮ್ಮ ಬೇಜಾರಿಗಾಗಿ ಹುಡುಕಿದಳು, ಇರಬೇಕಿತ್ತು, ಇಂಥ ಹೊತ್ತಿನಲ್ಲಿ ಎಲ್ಲಾದರೂ ಇರಲೇಬೇಕು, ಇವರು ಕೇಳಿದರೆ ಅಳುತ್ತಾರೆ, ಆದರೆ ತನ್ನೊಳಗೆ ಕೈ ಹಾಕಿದಲ್ಲೆಲ್ಲ ನೆಮ್ಮದಿಯೇ ಸಿಗುತ್ತಿದೆ, ನಿನಗೆ ಬೇಜಾರಿಲ್ವೇನೋ ಎಂದು ಕೇಳಿದಳು, ಇವತ್ತು ಬೆಳಿಗ್ಗೆ ಇತ್ತಮ್ಮ ಎಂದ, ಗೋಲಾದ್ಮೇಲೆ ಹೋಯ್ತು, ಚೆಂಡು ತೆಗೆಯೋಕೆ ಹೋದಾಗ ನನ್ ಹೆಜ್ಜೆ ಸದ್ದು ನಂಗೇ ಕೇಳಿಸ್ತು.

ಬಟ್ಟೆ ಬದಲಿಸಲು ಅವನು ಒಳಗೆ ಹೋದ, ಅವಳು ಮೆಟ್ಟಿಲು ಇಳಿಯಬೇಕು, ಇವರು ಗೇಟಿನಲ್ಲಿ ಕಾಯುತ್ತಿದ್ದಾರೆ, ಬಸ್ಸಿಗೆ ಹೊತ್ತಾಯಿತು, ಇವರಿಗೆ ಹೇಗೆ ಹೇಳುವುದು, ಅವನೇ ಹೇಳಲಿ, ರಾತ್ರಿಗೆ ಅಕ್ಕಿರೊಟ್ಟಿ ತಟ್ಟಿದರಾಯಿತು, ಇಳಿಯಬೇಕು, ಎದ್ದು ನಿಂತವಳು ಇನ್ನೂ ನಿಂತೇ ಇದ್ದಾಳೆ, ಕೆಳಗೆ ಖಾಲಿ ಗೋಲು, ಬಲೆ ಗಾಳಿಗೆ ಸ್ವಲ್ಪ ಅಲುಗುತ್ತದೆ, ಅಲ್ಲಿಗೆ ಅವಳ ಕಣ್ಣೊಳಗೆ ಅವನು ಮತ್ತೆ ನಡೆದು ಹೋಗುತ್ತಾನೆ, ಅವಸರವಿಲ್ಲದೆ, ಬಾಗುತ್ತಾನೆ, ಆ ಬೆನ್ನು, ಬೆನ್ನ ಮೇಲೆ ನಂಬರು, ಯಾರೂ ಏನೂ ಅನ್ನುವುದಿಲ್ಲ, ಚೆಂಡು ಎತ್ತಿಕೊಂಡು ನೆಟ್ಟಗೆ ನಿಲ್ಲುತ್ತಾನೆ — ಬಾಗುತ್ತಾನೆ, ಎತ್ತಿಕೊಂಡು ನೆಟ್ಟಗೆ ನಿಲ್ಲುತ್ತಾನೆ — ನೆಟ್ಟಗೆ —