ಅರ್ಧ ಮುಚ್ಚಳ

ಅಮೀರುನ್ನೀಸಾ ಕುದಿಯುವ ನೀರಿಗೆ ಬೋರೆ ಎಲೆ ಹಾಕುತ್ತಿದ್ದಾಗ ಕರಿ ಹೋತ ಬಂದು ಅವಳ ಮಡಿಲಿನ ಎಲೆಗೇ ಬಾಯಿ ಹಾಕಿತು.

"ಏ, ಸರಿ ಅತ್ಲಾಗ!" ಪಕ್ಕದ ಖೋಲಿಯ ಹಾಲವ್ವ ಅದನ್ನು ತಳ್ಳಿದಳು. "ನಿಮ್ಮತ್ತೀ ಮೈ ತೊಳಿಯೂ ಎಲಿನೂ ಬಿಡವಲ್ದು ನೋಡವಾ. ಆಕೀ ಕೈಯಾಗ ತಿಂದು ಬೆಳದದ್ದು, ಅದಕ್ಕೇನು ಗೊತ್ತು?"

ಒಳಗೆ ಚಾಪೆಯ ಮೇಲೆ, ತೀರಿಕೊಂಡ ಅತ್ತೆ ಅಮೀನಾಳನ್ನು ಮಲಗಿಸಿದ್ದರು. ಧಾರಾವಿಯ ಈ ಗಲ್ಲಿಯಲ್ಲಿ ಇಪ್ಪತ್ತು ವರ್ಷ ಆಡು ಸಾಕಿದವಳು.

"ಭಾಳ ಛಲೋ ಹೆಣಮಗಳು," ಎಂದಳು ಹಾಲವ್ವ. "ಅದೊಂದು ಬಕ್ರೀದಿನಾಗ ಹೆಸರು ಕೆಡಿಸಿಕೊಂಡ್ಳು, ಪಾಪ."

ಅಮೀರುನ್ನೀಸಾ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

*

ಅದು ಎಂಬತ್ತೇಳನೇ ಇಸವಿಯ ಮಳೆಗಾಲ. ಆಡುಗಳ ಒಸಡು ಬಿಳಿಚಿತ್ತು. ಹೊಟ್ಟೆಹುಳ, ಆಡಿಗೊಂದು ಮುಚ್ಚಳ ಔಷಧ ಕುಡಿಸಿ ಎಂದಿದ್ದರು ಡಾಕ್ಟರು. ಅಮೀನಾ ಜ್ವರದಿಂದ ಮಲಗಿದ್ದಳು.

"ಮುಚ್ಚಳ ತುಂಬ ಕುಡಸು, ಬೇಟಿ."

ಮುಂದಿನ ಮಳೆಗೂ ಆದೀತೆಂದು ಅಮೀರುನ್ನೀಸಾ ಅರ್ಧರ್ಧ ಕುಡಿಸಿ, ಉಳಿದ ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. "ತುಂಬನ ಕುಡಿಸೀನಿ, ಅಮ್ಮಾ," ಎಂದಳು.

ಬಕ್ರೀದಿಗೆ ಒಂದು ಆಡನ್ನು ಎದುರುಮನೆಯ ಮಜೀದ ಕೊಂಡ. ಕೊಯ್ದು ಹೊಟ್ಟೆ ಸೀಳಿದರೆ ಕೂದಲಿನಂಥ ಕೆಂಪು ಹುಳಗಳ ಗಂಟು.

"ಅಮೀನಾಬೀ, ಖುರ್ಬಾನಿಗೆ ಇಂಥಾ ಆಡು ಕೊಟ್ಟೀರಲ್ಲ!" ಅವನು ಗಲ್ಲಿಯ ನಡುವೆ ನಿಂತು ಕೂಗಿದ. "ಔಷಧ ಕುಡಿಸೀನಿ ಅಂತ ಸುಳ್ಳ್ಯಾಕ ಹೇಳಿದ್ರಿ?"

ಅಮೀನಾ ಸೊಸೆಯನ್ನು ನೋಡಿದಳು. ಅಕ್ಕಿ ಡಬ್ಬಿಯ ಹಿಂದಿನ ಬಾಟಲಿಯ ಕಡೆಯೂ ನೋಡಿದಳು.

"ಕುಡಿಸಿದಾಕಿ ನಾನ. ಅಳತಿ ತಪ್ಪೇತಿ, ಬೇಟಾ."

ಆಮೇಲೆ ಗಲ್ಲಿಯಲ್ಲಿ ಯಾರೂ ಅವಳಿಂದ ಆಡು ಕೊಳ್ಳಲಿಲ್ಲ. ಸೊಸೆಯೆದುರು ಬಾಟಲಿಯ ಮಾತನ್ನು ಅಮೀನಾ ಎಂದೂ ಎತ್ತಲಿಲ್ಲ.

*

ಹೆಣ ಇಟ್ಟ ಜನಾಜಾ ಎತ್ತುವ ಮೊದಲು ಅಮೀರುನ್ನೀಸಾಳ ಗಂಡ ಗೌಸ ನೆರೆದವರಿಗೆ ಕೈಮುಗಿದ. "ನಮ್ಮಮ್ಮನಿಂದ ಏನಾರ ತಪ್ಪಾಗಿದ್ರ ಮಾಫ್ ಮಾಡ್ರಿ."

"ಆ ಆಡಿನ ಮಾತು ನಾ ಮಾಫ್ ಮಾಡೀನಿ, ಭಾಯಿ," ಎಂದ ಮಜೀದ. "ಖುದಾನೂ ಮಾಡಲಿ."

ಅಮೀರುನ್ನೀಸಾ ಬಾಗಿಲ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. 'ಅದು ಆಕೀ ತಪ್ಪಲ್ಲ' ಎಂದರೆ ಸಾಕಿತ್ತು. ಆ ಮಾತು ಬಾಯಿಗೆ ಬರುವ ಮೊದಲೇ ಜನಾಜಾ ತಿರುವು ದಾಟಿತು.

ಸಂಜೆ ಅವಳು ಅತ್ತೆ ತಂದಿಟ್ಟಿದ್ದ ಹುಳದ ಔಷಧದ ಹೊಸ ಬಾಟಲಿ ತೆಗೆದು, ಕರಿ ಹೋತದ ಬಾಯಿ ಬಿಡಿಸಿ ಮುಚ್ಚಳ ತುಂಬ ಕುಡಿಸಿದಳು. ಓಢಣಿಯ ಅಂಚು ಹರಿದು ಅದರ ಕೊರಳಿಗೆ ಕಟ್ಟಿದಳು. ಬರುವ ಬಕ್ರೀದಿಗೆ ಇದನ್ನು ತಾನೇ ಮಜೀದನ ಬಾಗಿಲಿಗೆ ಹಿಡಿದುಕೊಂಡು ಹೋಗುವುದು. ಅರ್ಧ ಮುಚ್ಚಳದ ಮಾತನ್ನು ಗಲ್ಲಿಯ ನಡುವೆ ನಿಂತೇ ಹೇಳುವುದು ಎಂದುಕೊಂಡಳು.

"ಇದನ್ಯಾಕ ಕಟ್ಟಿದಿ?" ಹಾಲವ್ವ ಕೇಳಿದಳು. "ಮಾರೂದಿಲ್ಲೇನು?"

"ಹಿಂಗ ಸುಮ್ಮನ."

ಹೋತ ಉಳಿದ ಬೋರೆ ಎಲೆ ಮೆಲ್ಲುತ್ತ, ತುಳುಕಿದ ಔಷಧದಿಂದ ಅಂಟಾಗಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಮೂಸಿತು.