ನೂರು ಮಾರು ಆಳದ ನೀರು

"ಈ ವರ್ಷಾನೂ ಅಲ್ಲೇ ಇಳಿಸಿದ್ರೇನ್ಲಾ? ಎಷ್ಟು ತೋರಿಸ್ತು?"

ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ತಿರುವಿಹಾಕುತ್ತಿದ್ದ ಮುನಿರಾಮಪ್ಪ ಕೇಳಿದ ಮೊದಲ ಮಾತೇ ಇದು. ಹಡಗಿನಿಂದ ರಜೆಯ ಮೇಲೆ ಬಂದಿದ್ದ ಕದಿರಪ್ಪ ಮಾಲೂರಿನಲ್ಲಿ ರೈಲಿಳಿದು, ಇಟ್ಟಿಗೆ ಗೂಡುಗಳನ್ನೆಲ್ಲ ಹುಡುಕಿ ಅವನ ಮುಂದೆ ನಿಂತಿದ್ದ. ಬೈಸಿಕೊಳ್ಳಲು ಎದೆ ಗಟ್ಟಿಮಾಡಿಕೊಂಡು ಬಂದವನು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ.

ತಾಯಲೂರಿನ ಈ ಇಬ್ಬರೂ ಮೂವತ್ತಾರನೇ ಇಸವಿಯಲ್ಲಿ ಮದರಾಸಿಗೆ ಹೋಗಿ, ಸಮುದ್ರವನ್ನು ಅಳೆಯುವ ಹಡಗೊಂದಕ್ಕೆ ಸೇರಿದ್ದರು. ಥರ್ಮಾಮೀಟರನ್ನು ಉಕ್ಕಿನ ತಂತಿಗೆ ಕಟ್ಟಿ ಆಳಕ್ಕೆ ಇಳಿಸಿ, ಅಲ್ಲಿನ ನೀರಿನ ಶಾಖವನ್ನು ಪುಸ್ತಕದಲ್ಲಿ ಬರೆಯುವುದು ಮುನಿರಾಮಪ್ಪನ ಕೆಲಸ. ತಂತಿ ಸುತ್ತುವ ರಾಟೆ ಕದಿರಪ್ಪನದು. ಮೊದಲ ಸಲ ಮಾರ್ಚಿ ತಿಂಗಳಲ್ಲಿ ನೂರು ಮಾರು ಆಳದಲ್ಲಿ ಅರವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಂದಿತ್ತು. ಮರುವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಅರವತ್ತು. ಮೇಲಿನ ನೀರು ಉತ್ತರಕ್ಕೆ ಹರಿಯುತ್ತಿದ್ದರೂ ತಂತಿ ಅಂದು ದಕ್ಷಿಣಕ್ಕೆ ಬಾಗಿತ್ತು. ಅಡಿಯಲ್ಲಿ ಬೇರೆಯೇ ನೀರು ನಡೆದಿತ್ತು. ಕದಿರಪ್ಪ ಅದನ್ನು ಕಣ್ಣಾರೆ ಕಂಡಿದ್ದ.

ಹಡಗಿನ ಅಧಿಕಾರಿ ಸಾಹೇಬ ಒಪ್ಪಲಿಲ್ಲ. ಗಾಳಿ ಬಿಸಿಲಿಗೆ ಮೇಲಿನ ನೀರು ಬದಲಾದೀತು, ಅಷ್ಟು ಆಳದ್ದು ಬದಲಾಗುವುದಿಲ್ಲ, ಇವನು ಇಳಿಸದೆ ಕೂತಲ್ಲೇ ಬರೆದಿದ್ದಾನೆ ಎಂದ. ಇಳಿಸಿದ್ದನ್ನು ನೀನು ನೋಡಿದೆಯಾ ಎಂದು ಕದಿರಪ್ಪನನ್ನು ಕೇಳಿದ. ಬಡ್ತಿಯ ಪಟ್ಟಿಯಲ್ಲಿ ಕದಿರಪ್ಪನ ಹೆಸರಿತ್ತು. ಆ ಹೊತ್ತು ನಾನು ರಾಟೆ ಬಿಟ್ಟು ಬೇರೆ ಕಡೆ ಇದ್ದೆ ಎಂದುಬಿಟ್ಟ. ಮುನಿರಾಮಪ್ಪನನ್ನು ಕೆಲಸದಿಂದ ತೆಗೆದರು. ಸುದ್ದಿ ಊರು ಮುಟ್ಟಿತು. ಸುಳ್ಳುಗಾರ ಮಗ ನನಗೆ ಬೇಡವೆಂದು ತಾಯಿ ಮುನಿಶಾಮಮ್ಮ ಹೇಳಿ ಕಳಿಸಿದಳು. ಊರಿಗೆ ಹೋಗದೆ ಅವನು ಮಾಲೂರಿನಲ್ಲೇ ಇಟ್ಟಿಗೆ ಕೆಲಸಕ್ಕೆ ನಿಂತ.

"ಅರವತ್ತೊಂದು," ಎಂದ ಕದಿರಪ್ಪ. "ಸಾಹೇಬ್ನೇ ನಿಂತು ಮೂರು ಸಲ ಇಳಿಸಿ ಓದ್ದ."

ಮುನಿರಾಮಪ್ಪನ ಮುಖ ಅರಳಿತು. "ಹಂಗಾದ್ರೆ ಆ ತಣ್ಣೀರು ಇನ್ನೂ ಅಲ್ಲೇ ಐತೆ ಕಣೋ."

ಇನ್ನೂರು ಮಾರಿನಲ್ಲಿ ಎಷ್ಟಿತ್ತು, ತಂತಿ ಯಾವ ಕಡೆ ಬಾಗಿತ್ತು ಎಂದು ಒಂದೊಂದಾಗಿ ವಿಚಾರಿಸಿದ. ಎಲ್ಲ ಕೇಳಿದ ಮೇಲೆ, ಸಾಹೇಬನಿಗೆ ನಿಜ ಹೇಳಿದೆಯಾ ಎಂದ. ಕದಿರಪ್ಪ ತಲೆ ತಗ್ಗಿಸಿದ.

"ಅವ್ನಿಗೆ ಹೇಳ್ದಿದ್ರೆ ಹೋಗ್ಲಿ. ನಮ್ಮಮ್ಮಂಗೆ ಬಂದು ಹೇಳು."

ಮರುದಿನ ಮಧ್ಯಾಹ್ನ ಇಬ್ಬರೂ ತಾಯಲೂರಿನಲ್ಲಿದ್ದರು. ಮುನಿಶಾಮಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಕದಿರಪ್ಪ ಬಾಗಿಲ ಬಳಿ ಒಂದು ಬೂಟು ಬಿಚ್ಚಿದವನು, ಇನ್ನೊಂದನ್ನು ಬಿಚ್ಚುವ ಮೊದಲೇ ಎಲ್ಲವನ್ನೂ ಹೇಳಿದ, ತನ್ನ ಸುಳ್ಳನ್ನೂ ಮುಚ್ಚಿಡಲಿಲ್ಲ.

"ಇಳಿಸಿದ್ದು ನೀನು ನೋಡಿದ್ಯಾ?"

"ನೋಡಿದ್ದೆ, ದೊಡ್ಡಮ್ಮ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಕದಿರಪ್ಪ ಇನ್ನೊಂದು ಬೂಟಿನ ಲಾಡಿಗೆ ಬಗ್ಗಿದ. ಅವಳು ಮೊರ ಕೆಳಗಿಟ್ಟು ಎದ್ದು, ಮಗನ ತಲೆಗೆ ಮೆತ್ತಿದ್ದ ಧೂಳನ್ನು ಸೆರಗಿನಿಂದ ಒರೆಸಿ, ಅವನನ್ನು ಒಳಗೆ ಕರೆದುಕೊಂಡು ಹೋದಳು. ತಟ್ಟೆ ಇಟ್ಟ ಸದ್ದು ಕೇಳಿಸಿತು.

ಬರಿಗಾಲಿನ ಕೆಳಗೆ ರಾಗಿಯ ಹೊಟ್ಟು ಚುಚ್ಚುತ್ತಿತ್ತು. ಇನ್ನೊಂದು ಬೂಟನ್ನು ಬಿಚ್ಚಬೇಕೋ, ಬಿಚ್ಚಿದ್ದನ್ನು ಮತ್ತೆ ಹಾಕಿಕೊಳ್ಳಬೇಕೋ ತಿಳಿಯದೆ ಕದಿರಪ್ಪ ಹಾಗೆಯೇ ನಿಂತಿದ್ದ.